ಕೊಬ್ಬರಿ ಸೀಮೆಯ ಸದ್ದಿಲ್ಲದ ಒತ್ತಡ

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದರಂತೆ ಹೃದಯಾಘಾತದ ಸುದ್ದಿಗಳು ಬಂದವು. ಸುಮಾರು 40 ದಿನಗಳ ಅವಧಿಯಲ್ಲಿ 20ಕ್ಕೂ ಹೆಚ್ಚು ಸಾವುಗಳು ವರದಿಯಾದವು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತರು. ಹಾಸನ ಜಿಲ್ಲೆಯ ಅರಸೀಕೆರೆ ನಮ್ಮ ತಿಪಟೂರಿಗೆ ತೀರ ಸಮೀಪದ ಊರು; ಸುದ್ದಿಗೂ ಭಯಕ್ಕೂ ಜಿಲ್ಲೆಯ ಗಡಿ ಅಡ್ಡ ಬರುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿಯೂ ಎದೆ ಹಿಡಿದುಕೊಂಡು ಬಂದವರ ಸಂಖ್ಯೆ ಆ ದಿನಗಳಲ್ಲಿ ಹೆಚ್ಚಾಯಿತು. ಎಲ್ಲರೂ ಕೇಳುತ್ತಿದ್ದುದು ಒಂದೇ: ‘ಒಂದು ಇಸಿಜಿ ಮಾಡಿಬಿಡಿ ಡಾಕ್ಟ್ರೇ’.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಹೃದಯಾಘಾತದ ಸಾವುಗಳಲ್ಲಿ ಅಸಹಜವಾದ ಏರಿಕೆಯೇನೂ ಕಂಡುಬಂದಿಲ್ಲ ಎಂದು ಸಮಿತಿ ಹೇಳಿತು. ಮೃತಪಟ್ಟವರಲ್ಲಿ ಅನೇಕರಿಗೆ ಮಧುಮೇಹ, ಅಧಿಕ ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳಂಥ ಹಳೆಯ, ಪರಿಚಿತ ಕಾರಣಗಳಿದ್ದುದನ್ನೂ ಗುರುತಿಸಿತು. ವರದಿ ಬಂದ ಮೇಲೆ ಗಾಬರಿ ಇಳಿಯಿತು. ಆದರೆ ಗಾಬರಿಯ ಜೊತೆಗೆ ಎಚ್ಚರವೂ ಇಳಿದುಹೋಯಿತು ಎಂಬುದೇ ನನ್ನ ಆತಂಕ. ಹೊಸ ರೋಗವೇನೂ ಬಂದಿಲ್ಲ ಎಂಬ ಸಮಾಧಾನದಲ್ಲಿ, ಹಳೆಯದು ಮನೆಯೊಳಗೇ ಕುಳಿತಿದೆ ಎಂಬ ಮಾತು ಮರೆತುಹೋಯಿತು.

ಈ ತೆಂಗಿನ ಸೀಮೆಯ ಹಳ್ಳಿಗಳ ನಡುವೆ ಮೂರು ದಶಕಗಳಿಗೂ ಹೆಚ್ಚು ಕಾಲ ಸಾಮಾನ್ಯ ವೈದ್ಯನಾಗಿ ಕೆಲಸ ಮಾಡಿದವನು ನಾನು. ಹೆಸರಿನ ಮುಂದೆ ದೊಡ್ಡ ಪದವಿಗಳಿಲ್ಲ. ಆದರೆ ಒಂದೇ ಮನೆಯ ಮೂರು ತಲೆಮಾರಿನವರ ತೋಳಿಗೆ ರಕ್ತದೊತ್ತಡ ಮಾಪಕದ ಪಟ್ಟಿ ಕಟ್ಟುವ ಅವಕಾಶ ಇಲ್ಲಿ ಸಿಕ್ಕಿದೆ. ಆ ಅನುಭವದಿಂದ ಹೇಳುವುದಾದರೆ, ನಮ್ಮ ಕಡೆ ಬಿ.ಪಿ.ಯಿಂದ ಮಲಗಿದವರಲ್ಲಿ ಔಷಧವೇ ಇಲ್ಲದೆ ಕೆಟ್ಟವರು ಕಡಿಮೆ. ಔಷಧವನ್ನು ಆರಂಭಿಸಿ, ನಡುವೆ ನಿಲ್ಲಿಸಿ ಕೆಟ್ಟವರೇ ಹೆಚ್ಚು. ಈ ಲೇಖನದ ಮುಖ್ಯ ಮಾತು ಅದೇ.

ಅಲುಗಿಸಿ ನೋಡದೆ ತಿಳಿಯದು

ಕೊಬ್ಬರಿಯ ಬಗ್ಗೆ ಈ ಸೀಮೆಯವರಿಗೆ ಪಾಠ ಹೇಳಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಹೊರಗಿನಿಂದ ನೋಡಿದರೆ ಮೊದಲ ದಿನದ ಕಾಯಿಗೂ ಹತ್ತನೆಯ ತಿಂಗಳ ಕಾಯಿಗೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದಲೇ ಬೆಳೆಗಾರ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾನೆ. ಒಳಗಿನ ಸ್ಥಿತಿಯನ್ನು ತಿಳಿಯಲು ಕಣ್ಣನ್ನು ನಂಬಬಾರದು ಎಂಬ ವಿವೇಕ ಅವನಿಗಿದೆ. ತನ್ನ ದೇಹದ ವಿಷಯದಲ್ಲಿ ಮಾತ್ರ ಆತ ಆ ವಿವೇಕವನ್ನು ಬಳಸುವುದಿಲ್ಲ. ‘ಚೆನ್ನಾಗೇ ಇದ್ದೀನಲ್ಲ ಸ್ವಾಮಿ, ನನಗೇನಾಗಿದೆ?’ ಎನ್ನುತ್ತಾನೆ.

ಹೃದಯ ಪ್ರತಿ ಬಡಿತದಲ್ಲಿಯೂ ರಕ್ತವನ್ನು ಅಪಧಮನಿಗಳೊಳಕ್ಕೆ ತಳ್ಳುತ್ತದೆ. ಆಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ. ಎರಡು ಬಡಿತಗಳ ನಡುವೆ ಹೃದಯ ವಿರಮಿಸುವಾಗ ಉಳಿಯುವ ಒತ್ತಡ ಕೆಳಗಿನ ಅಂಕಿ. ಬೇರೆ ಬೇರೆ ದಿನಗಳಲ್ಲಿ ಸರಿಯಾದ ಕ್ರಮದಲ್ಲಿ ಅಳೆದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದ್ದರೆ, ಇಲ್ಲವೇ ದಾಟಿದ್ದರೆ, ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತೇವೆ. ಮನೆಯಲ್ಲಿ ಅಳೆದುಕೊಳ್ಳುವವರಿಗೆ ಈ ಗಡಿ ತುಸು ಕೆಳಗೆ, 135/85. ಬಹುಪಾಲು ರೋಗಿಗಳಲ್ಲಿ ಇಂಥದೇ ಕಾರಣವೆಂದು ಒಂದನ್ನು ಬೊಟ್ಟು ಮಾಡಿ ತೋರಿಸಲಾಗುವುದಿಲ್ಲ. ವಂಶ, ವಯಸ್ಸು, ಉಪ್ಪು, ತೂಕ, ದುಶ್ಚಟ ಎಲ್ಲವೂ ಸೇರಿ ಅದನ್ನು ಏರಿಸುತ್ತವೆ. ಉಳಿದ ಕೆಲವರಲ್ಲಿ ಮೂತ್ರಪಿಂಡದ ಕಾಯಿಲೆ, ಥೈರಾಯ್ಡ್ ಅಥವಾ ಅಡ್ರಿನಲ್ ಗ್ರಂಥಿಯ ತೊಂದರೆ, ನಿದ್ರೆಯಲ್ಲಿ ಉಸಿರು ಕಟ್ಟುವ ಗೊರಕೆ ಮೊದಲಾದ ಸ್ಪಷ್ಟ ಕಾರಣಗಳಿರುತ್ತವೆ. ಎಳೆಯ ವಯಸ್ಸಿನಲ್ಲಿಯೇ ಒತ್ತಡ ಏರಿದ್ದರೆ, ಮೂರು ಬಗೆಯ ಮಾತ್ರೆಗೂ ಬಗ್ಗದಿದ್ದರೆ ಅಂಥ ಕಾರಣಗಳನ್ನು ಹುಡುಕಲೇಬೇಕು.

ಏರಿದ ಒತ್ತಡ ವರ್ಷಗಟ್ಟಲೆ ನೋವು ಕೊಡುವುದಿಲ್ಲ. ತಲೆನೋವು, ತಲೆಸುತ್ತುಗಳೇ ಬಿ.ಪಿ.ಯ ಗುರುತೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅವು ಇದ್ದಾಗ ಮಾತ್ರೆ, ಇಲ್ಲದಾಗ ವಿರಾಮ ಎಂಬ ರೂಢಿಯೂ ಅದರಿಂದಲೇ ಹುಟ್ಟಿದೆ. 180ರ ಒತ್ತಡವನ್ನು ಹೊತ್ತುಕೊಂಡು ಹಬ್ಬದ ಅಡುಗೆ ಮಾಡಿದ ಗೃಹಿಣಿಯರನ್ನೂ ಲಾರಿಗೆ ಚೀಲ ಹೇರಿದ ಹಮಾಲರನ್ನೂ ನಾನು ಕಂಡಿದ್ದೇನೆ. ಈ ಮೌನದ ಅವಧಿಯಲ್ಲಿ ಹೃದಯದ ಗೋಡೆ ದಪ್ಪವಾಗುತ್ತದೆ, ಮೂತ್ರಪಿಂಡದ ಸೋಸುವ ಶಕ್ತಿ ಕುಂದುತ್ತದೆ, ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಮೆದುಳಿನ ಸಣ್ಣ ರಕ್ತನಾಳಗಳು ಶಿಥಿಲಗೊಳ್ಳುತ್ತವೆ. ಕೊನೆಗೆ ಸದ್ದು ಕೇಳುವ ದಿನ ಅದು ಲಕ್ವದ ರೂಪದಲ್ಲೋ ಹೃದಯಾಘಾತದ ರೂಪದಲ್ಲೋ ಕೇಳುತ್ತದೆ.

ಈ ರೋಗ ಎಷ್ಟು ವ್ಯಾಪಕವೆಂಬುದನ್ನು ಅಂಕಿಅಂಶಗಳೇ ಹೇಳುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ 1.13 ಲಕ್ಷ ಜನರನ್ನು ತಪಾಸಣೆಗೆ ಒಳಪಡಿಸಿ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಯಸ್ಕರಲ್ಲಿ ಶೇ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಮಧುಮೇಹ ಇರುವವರು ಶೇ 11.4. ಸಕ್ಕರೆ ಕಾಯಿಲೆಗೆ ನಾವು ಹೆದರುವಷ್ಟು ಅದರ ಮೂರುಪಟ್ಟು ಜನರನ್ನು ಹಿಡಿದಿರುವ ಈ ಕಾಯಿಲೆಗೆ ಹೆದರುವುದಿಲ್ಲ. ಜಗತ್ತಿನಲ್ಲಿ ಈ ರೋಗವಿರುವ ಐವರಲ್ಲಿ ಹೆಚ್ಚುಕಡಿಮೆ ಒಬ್ಬರ ಒತ್ತಡ ಮಾತ್ರ ಹತೋಟಿಯಲ್ಲಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಅಧ್ಯಕ್ಷರಿಗೂ ಸಿಗದಿದ್ದ ಮದ್ದು

‘ವಯಸ್ಸಾದ ಮೇಲೆ ಬಿ.ಪಿ. ಇದ್ದದ್ದೇ’ ಎಂಬ ಮಾತು ನಮ್ಮ ಹಳ್ಳಿಗಳದಷ್ಟೇ ಅಲ್ಲ. ಒಂದು ಕಾಲಕ್ಕೆ ಅಮೆರಿಕದ ಅಧ್ಯಕ್ಷರ ವೈದ್ಯರದೂ ಹೆಚ್ಚುಕಡಿಮೆ ಅದೇ ನಿಲುವಾಗಿತ್ತು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಒತ್ತಡ 1930ರ ದಶಕದಿಂದಲೇ ಏರುತ್ತಿತ್ತು. 1944ರ ಮಾರ್ಚ್‌ನಲ್ಲಿ ಹೋವರ್ಡ್ ಬ್ರೂಯೆನ್ ಎಂಬ ಯುವ ಹೃದ್ರೋಗ ತಜ್ಞ ಪರೀಕ್ಷಿಸಿದಾಗ ಅದು 186/108 ಇತ್ತು. ಹೃದಯ ಹಿಗ್ಗಿ ಸೋಲತೊಡಗಿತ್ತು. ಕೊಡಲು ಅವರ ಬಳಿ ಇದ್ದುದು ವಿಶ್ರಾಂತಿ, ಉಪ್ಪು ಕಡಿಮೆ ಮಾಡಿದ ಊಟ, ಡಿಜಿಟಾಲಿಸ್ ಮತ್ತು ನಿದ್ರೆಯ ಮದ್ದು, ಅಷ್ಟೆ. 1945ರ ಏಪ್ರಿಲ್ 12ರಂದು ತೀವ್ರ ತಲೆನೋವೆಂದು ಕುಸಿದುಬಿದ್ದ ರೂಸ್‌ವೆಲ್ಟ್ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆ ಹೊತ್ತಿನಲ್ಲಿ ದಾಖಲಾದ ಒತ್ತಡ 300/190. ವಯಸ್ಸು 63.

ಅವರ ಸಾವಿನ ನಾಲ್ಕೇ ವರ್ಷಗಳಲ್ಲಿ, ಅಂದರೆ 1949ರಲ್ಲಿ, ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ನಮ್ಮ ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂಬುದನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದರು. 1952ರಲ್ಲಿ ಅದರಿಂದ ರೆಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಪರಿಣಾಮಕಾರಿ ಚಿಕಿತ್ಸೆಯ ಆರಂಭದ ಮೆಟ್ಟಿಲುಗಳಲ್ಲಿ ಅದೂ ಒಂದು. ಖಿನ್ನತೆಯಂಥ ಅಡ್ಡಪರಿಣಾಮಗಳ ಕಾರಣ, ಇನ್ನೂ ಒಳ್ಳೆಯ ಔಷಧಗಳು ಬಂದ ಕಾರಣ, ಇಂದು ಅದರ ಬಳಕೆ ತೀರ ವಿರಳ. ‘ಇಂಗ್ಲಿಷ್ ಮಾತ್ರೆ ಬೇಡ, ನಾರುಬೇರಿನ ಔಷಧ ಕೊಡಿ’ ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. ಮದ್ದು ಎಲ್ಲಿಂದ ಬಂತೆಂಬುದಕ್ಕಿಂತ ಅದನ್ನು ಅಳೆದು, ತೂಗಿ, ಪರೀಕ್ಷಿಸಲಾಗಿದೆಯೇ ಎಂಬುದು ಮುಖ್ಯ. ಜಗತ್ತಿನ ಅತ್ಯಂತ ಬಲಿಷ್ಠ ವ್ಯಕ್ತಿಗೆ 1945ರಲ್ಲಿ ಸಿಗದಿದ್ದ ಚಿಕಿತ್ಸೆ ಇಂದು ತುರುವೇಕೆರೆಯ ಕೂಲಿಯಾಳಿಗೂ ಸಿಗುತ್ತದೆ.

ಕಾರಣ ಕಾಯಿಯಲ್ಲಿಲ್ಲ

ಬಿ.ಪಿ. ಎಂದೊಡನೆ ನಮ್ಮ ಜನ ಮೊದಲು ಬಿಡುವುದು ತೆಂಗಿನಕಾಯಿಯನ್ನು. ಮನೆಯ ಅಟ್ಟದ ತುಂಬ ಕಾಯಿಯಿಟ್ಟುಕೊಂಡು ಸಾರಿಗೆ ಒಂದು ಚೂರನ್ನೂ ಹಾಕದೆ ಉಣ್ಣುವ ಹಿರಿಯರಿದ್ದಾರೆ. ಅದೇ ತಟ್ಟೆಯ ಅಂಚಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ ಎಲ್ಲವೂ ಇರುತ್ತವೆ. ತೆಂಗಿನೆಣ್ಣೆಯ ಬಹುಪಾಲು ಸಂತೃಪ್ತ ಕೊಬ್ಬು. ಅದು ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದರಿಂದ ಹೃದ್ರೋಗವಿರುವವರು ಮಿತಿಯಲ್ಲಿರಬೇಕೆಂಬುದು ನಿಜ. ಆದರೆ ರಕ್ತದೊತ್ತಡದ ಅಪರಾಧಿ ಕಾಯಿಯಲ್ಲ, ಉಪ್ಪು.

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು ನಾವು ತಪ್ಪಿನ ಫಲದ ಅರ್ಥದಲ್ಲಿ ಬಳಸುತ್ತೇವೆ. ಶರೀರಶಾಸ್ತ್ರದಲ್ಲಿ ಅದು ಅಕ್ಷರಶಃ ಸತ್ಯ. ಹೆಚ್ಚಾದ ಸೋಡಿಯಂ ನೀರನ್ನು ಹಿಡಿದಿಡುತ್ತದೆ. ನಾಳಗಳಲ್ಲಿ ರಕ್ತದ ಪ್ರಮಾಣ ಹಿಗ್ಗುತ್ತದೆ. ಅದನ್ನು ಹೊರಹಾಕಲು ಮೂತ್ರಪಿಂಡಗಳಿಗೆ ಹೆಚ್ಚಿನ ಒತ್ತಡ ಬೇಕಾಗುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ, ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2017–18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತೀಯರ ಸರಾಸರಿ ಸೇವನೆ 8 ಗ್ರಾಂ ಎಂದು ಕಂಡುಬಂತು. ರಾಗಿ ಮುದ್ದೆ, ಸೊಪ್ಪಿನ ಸಾರು, ಅವರೆಕಾಳುಗಳ ನಮ್ಮ ಊಟ ಮೂಲತಃ ಒಳ್ಳೆಯ ಊಟ. ಅದಕ್ಕೆ ಸಾಲದೆಂಬಂತೆ ಊರೂರಿನ ಕ್ರಾಸ್‌ಗಳಲ್ಲಿ ಬೇಕರಿಗಳು ಎದ್ದಿವೆ. ಸಂಜೆಯ ಚಹಾದ ಜೊತೆಗಿನ ಖಾರದ ಬನ್ನು, ಮಿಕ್ಸ್ಚರು, ಮಕ್ಕಳ ಕೈಯಲ್ಲಿನ ಚಿಪ್ಸ್ ಪೊಟ್ಟಣಗಳಲ್ಲಿ ಎಷ್ಟು ಉಪ್ಪಿದೆ ಎಂಬುದು ಅಡುಗೆಮನೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಸೈಂಧವ ಲವಣ ತಿಂದರೆ ಬಿ.ಪಿ. ಬರುವುದಿಲ್ಲವೆಂಬ ಪ್ರಚಾರವೂ ನಂಬತಕ್ಕದ್ದಲ್ಲ. ಬಣ್ಣ ಬೇರೆಯಾದರೂ ಅದರ ಬಹುಭಾಗ ಅದೇ ಸೋಡಿಯಂ ಕ್ಲೋರೈಡ್.

ಪೊಟ್ಯಾಸಿಯಂ ಸೋಡಿಯಂಗೆ ಎದುರಾಗಿ ಕೆಲಸ ಮಾಡುತ್ತದೆ. ಚೀನಾದ 600 ಹಳ್ಳಿಗಳ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಡುಗೆ ಉಪ್ಪಿನ ಕಾಲುಭಾಗವನ್ನು ಪೊಟ್ಯಾಸಿಯಂ ಕ್ಲೋರೈಡ್‌ನಿಂದ ಬದಲಿಸಿದ್ದಕ್ಕೇ ಲಕ್ವದ ಪ್ರಮಾಣ ಶೇ 14ರಷ್ಟು ತಗ್ಗಿತು. ಸೊಪ್ಪು, ಕಾಳು, ಬಾಳೆಹಣ್ಣು ಮತ್ತು ನಮ್ಮ ಎಳನೀರಿನಲ್ಲಿ ಪೊಟ್ಯಾಸಿಯಂ ಸಾಕಷ್ಟಿದೆ. ಹಾಗೆಂದು ಎಳನೀರನ್ನೇ ಮದ್ದೆಂದುಕೊಂಡು ಮಾತ್ರೆ ಬಿಡುವುದು ತಪ್ಪು. ಮೂತ್ರಪಿಂಡ ಸೋತವರು ಮತ್ತು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವ ಕೆಲವು ಬಿ.ಪಿ. ಮಾತ್ರೆಗಳನ್ನು ನುಂಗುತ್ತಿರುವವರು ಎಳನೀರನ್ನಾಗಲಿ, ಪೊಟ್ಯಾಸಿಯಂ ಬೆರೆತ ಉಪ್ಪನ್ನಾಗಲಿ ವೈದ್ಯರನ್ನು ಕೇಳದೆ ಬಳಸಬಾರದು. ಅದು ಹೃದಯದ ಬಡಿತಕ್ಕೇ ಅಪಾಯ ತಂದೀತು.

ಕೆಲಸದ ರೀತಿಯೂ ಬದಲಾಗಿದೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು ತೋಟಗಳಾದವು. ಉಳುವ, ಕಳೆ ಕೀಳುವ, ಒಕ್ಕುವ ದುಡಿಮೆ ತೋಟಕ್ಕೆ ಅಷ್ಟಾಗಿ ಬೇಡ; ಇರುವ ಕಷ್ಟದ ಕೆಲಸ ಕಾಯಿ ಕೆಡವುವವರ, ಸುಲಿಯುವವರ ಪಾಲಿಗೆ. ಒಂದು ಕಾಲಕ್ಕೆ ಪಂಪಿನ ಮನೆಗೆ ನಡೆದು ಹೋಗುತ್ತಿದ್ದ ಬೆಳೆಗಾರ ಈಗ ಮೊಬೈಲಿನಲ್ಲಿಯೇ ಮೋಟಾರು ಚಾಲೂ ಮಾಡುತ್ತಾನೆ, ತೋಟಕ್ಕೆ ಬೈಕಿನಲ್ಲಿ ಹೋಗಿ ಬರುತ್ತಾನೆ. ಹೊಟ್ಟೆ ಬೆಳೆಯುತ್ತದೆ. ತೂಕ ಒಂದು ಕಿಲೋ ಇಳಿದರೆ ಒತ್ತಡ ಸುಮಾರು ಒಂದು ಅಂಕಿಯಷ್ಟು ಇಳಿಯುತ್ತದೆಂಬುದು ಸರಳ ಲೆಕ್ಕ. ತ್ರೀ ಫೇಸ್ ವಿದ್ಯುತ್ತು ನಡುರಾತ್ರಿ ಬಂದರೆ ನಿದ್ರೆ ಕೆಡುತ್ತದೆ. ಕೆಟ್ಟ ನಿದ್ರೆಗೂ ಏರುವ ಒತ್ತಡಕ್ಕೂ ನಂಟಿದೆ. ಬೀಡಿಯ, ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳವನ್ನು ಬಿಗಿಯುತ್ತದೆ. ಮದ್ಯವಂತೂ ಒತ್ತಡವನ್ನು ಏರಿಸುವುದರ ಜೊತೆಗೆ ಮಾತ್ರೆಯ ನೆನಪನ್ನೂ ಅಳಿಸುತ್ತದೆ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಕಾರಣವಿದೆ, ನೋವಿನ ಮಾತ್ರೆ. ದಿನವಿಡೀ ಕಾಯಿ ಸುಲಿದವರ ಭುಜ, ಸೊಂಟ ನೋಯುತ್ತವೆ. ಚಿಪ್ಪೊಡೆದು ಕೊಬ್ಬರಿ ತೆಗೆಯುವ ಹೆಣ್ಣುಮಕ್ಕಳ ಮೊಣಕಾಲು, ಬೆನ್ನು ಹಿಡಿದುಕೊಳ್ಳುತ್ತವೆ. ಅಂಗಡಿಯಲ್ಲಿ ಕೇಳಿದರೆ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಸುಲಭವಾಗಿ ಸಿಗುತ್ತವೆ. ಈ ಗುಂಪಿನ ಮಾತ್ರೆಗಳು ದೇಹದಲ್ಲಿ ಉಪ್ಪನ್ನೂ ನೀರನ್ನೂ ತಡೆಹಿಡಿದು ಒತ್ತಡವನ್ನು ಏರಿಸುತ್ತವೆ, ಬಿ.ಪಿ. ಮಾತ್ರೆಯ ಬಲವನ್ನು ಕುಂದಿಸುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಸ್ಟೆರಾಯ್ಡ್ ಬೆರೆತ ‘ಶಕ್ತಿ’ಯ ಮಾತ್ರೆ, ಚುಚ್ಚುಮದ್ದುಗಳದೂ ಅದೇ ಕಥೆ. ಒತ್ತಡ ಏಕೆ ಇಳಿಯುತ್ತಿಲ್ಲವೆಂದು ಪ್ರತಿ ಬಾರಿ ಮಾತ್ರೆ ಹೆಚ್ಚಿಸುವ ಮೊದಲು, ಆಕೆಯ ಸೆರಗಿನ ಗಂಟಿನಲ್ಲಿ ಇನ್ನಾವ ಮಾತ್ರೆಯಿದೆ ಎಂದು ಕೇಳುವುದು ಲೇಸು.

ಮಂಡಿ ನಿಂತಾಗ ಮಾತ್ರೆಯೂ ನಿಂತಿತು

2023ರಲ್ಲಿ ಉಂಡೆ ಕೊಬ್ಬರಿಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು. ರೈತರು ಬೀದಿಗಿಳಿದರು, ನಾಫೆಡ್ ಖರೀದಿಯ ನೋಂದಣಿಗಾಗಿ ಸರತಿಯಲ್ಲಿ ನಿಂತರು. ಆ ವರ್ಷ ನನ್ನ ರೋಗಿಗಳ ಪುಸ್ತಕದಲ್ಲಿ ಅನೇಕ ಹೆಸರುಗಳ ಮುಂದಿನ ಸಾಲುಗಳು ಖಾಲಿ ಉಳಿದವು. ಹಣದ ಮುಗ್ಗಟ್ಟಿನಿಂದ ಮಾತ್ರೆ ಬಿಟ್ಟಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಅದು ಅರ್ಧ ಸತ್ಯ ಮಾತ್ರ.

ಅರವತ್ತರ ಹತ್ತಿರದ ಬೆಳೆಗಾರರೊಬ್ಬರ ಉದಾಹರಣೆ ಕೊಡಬಹುದು. ಆರು ವರ್ಷಗಳಿಂದ ಎರಡು ಮಾತ್ರೆಗಳಲ್ಲಿ ಅವರ ಒತ್ತಡ 130ರ ಆಚೀಚೆ ನಿಂತಿತ್ತು. ಕೊಬ್ಬರಿ ಮಾರಲು ಪೇಟೆಗೆ ಬಂದ ದಿನವೇ ನನ್ನಲ್ಲಿಗೂ ಬಂದು, ಮಾತ್ರೆ ಕೊಂಡು, ಬಸ್ಸು ಹತ್ತುವುದು ಅವರ ರೂಢಿ. ಬೆಲೆ ಕುಸಿದಾಗ, ಏರಿದ ಮೇಲೆ ಮಾರೋಣವೆಂದು ಕೊಬ್ಬರಿಯನ್ನು ಮನೆಯಲ್ಲಿಯೇ ಉಳಿಸಿಕೊಂಡರು. ಮಾರಾಟವಿಲ್ಲದ್ದರಿಂದ ಪೇಟೆಯ ಪ್ರಯಾಣ ನಿಂತಿತು. ಪ್ರಯಾಣದ ಜೊತೆಗೆ ಮಾತ್ರೆಯೂ ನಿಂತಿತು. ಐದನೆಯ ತಿಂಗಳು ಒಂದು ಬೆಳಿಗ್ಗೆ ಹಾಲು ಹಾಕಲು ಡೇರಿಗೆ ಹೊರಟವರ ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಮನೆಯವರು ಮೊದಲು ಲಕ್ವಕ್ಕೆ ನಾಟಿ ಔಷಧ ಕೊಡುವವರಲ್ಲಿಗೆ ಕರೆದೊಯ್ದರು. ರಕ್ತನಾಳದ ಗೆಡ್ಡೆ ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಅವರು ದೊಡ್ಡ ಆಸ್ಪತ್ರೆ ಮುಟ್ಟಿದಾಗ ಅದು ಮುಗಿದಿತ್ತು.

ಅವರು ಇಂದಿಗೂ ಇದ್ದಾರೆ. 2025ರ ಮಧ್ಯಭಾಗದಲ್ಲಿ ಕೊಬ್ಬರಿಯ ಧಾರಣೆ ಕ್ವಿಂಟಲಿಗೆ 25 ಸಾವಿರ ದಾಟಿದ ಸುದ್ದಿಯನ್ನು ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದರು. ಅಷ್ಟರಲ್ಲಿ ಅವರ ದಾಸ್ತಾನು ಆಸ್ಪತ್ರೆಯ ಖರ್ಚಿಗೆಂದು ಸಿಕ್ಕ ಬೆಲೆಗೆ ಮಾರಿಹೋಗಿತ್ತು. ಅವರು ನುಂಗಬೇಕಾಗಿದ್ದ ಮಾತ್ರೆಗಳನ್ನು ಜನರಿಕ್ ರೂಪದಲ್ಲಿ ಕೊಂಡಿದ್ದರೆ ತಿಂಗಳ ಖರ್ಚು, ಆ ಕುಸಿದ ದಿನಗಳಲ್ಲಿಯೂ, ಒಂದು ಕಿಲೋ ಕೊಬ್ಬರಿಯ ಬೆಲೆಯ ಸುತ್ತಮುತ್ತಲೇ ಇರುತ್ತಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಅದೂ ಉಳಿಯುತ್ತಿತ್ತು. ಇಲ್ಲಿ ಮಾತ್ರೆಯ ಬೆಲೆಗಿಂತ ಮಾತ್ರೆಯ ದೂರವೇ ದೊಡ್ಡದಾಯಿತು.

ಮನಸ್ಸಿನ ಒತ್ತಡವೇ ರಕ್ತದೊತ್ತಡವಾಗುತ್ತದೆ ಎಂದು ಜನ ಸರಳವಾಗಿ ಹೇಳುತ್ತಾರೆ. ಸಿಟ್ಟು, ಚಿಂತೆಗಳು ತತ್ಕಾಲಕ್ಕೆ ಒತ್ತಡವನ್ನು ಏರಿಸುತ್ತವೆ ಎಂಬುದು ಸತ್ಯ. ಆದರೆ ಧಾರಣೆ ಕುಸಿತ, ಬತ್ತಿದ ಕೊಳವೆಬಾವಿ, ಬಿಳಿನೊಣದ ಕಾಟಗಳು ಮನುಷ್ಯನನ್ನು ಕಾಡುವುದು ಹೆಚ್ಚಾಗಿ ಬಳಸುದಾರಿಯಲ್ಲಿ: ನಿದ್ರೆ ಹೋಗುತ್ತದೆ, ಬೀಡಿ ಹೆಚ್ಚುತ್ತದೆ, ಸಂಜೆಯ ಕುಡಿತ ಹತ್ತಿಕೊಳ್ಳುತ್ತದೆ, ವೈದ್ಯರ ಭೇಟಿ ಮುಂದಕ್ಕೆ ಹೋಗುತ್ತದೆ.

ಮಾತ್ರೆ ಬಿಡಲು ಇನ್ನೂ ಕೆಲವು ಕಾರಣಗಳಿವೆ. ‘ಈಗ ನಾರ್ಮಲ್ ಇದೆಯಲ್ಲ, ಇನ್ನೇಕೆ ಮಾತ್ರೆ?’ ಎಂಬುದು ನಾನು ಅತಿ ಹೆಚ್ಚು ಬಾರಿ ಕೇಳಿದ ಪ್ರಶ್ನೆ. ನೀರು ಬಿಟ್ಟಿದ್ದರಿಂದ ತೋಟ ಹಸಿರಾಗಿದೆ; ಹಸಿರಾಯಿತೆಂದು ನೀರು ನಿಲ್ಲಿಸುತ್ತೀರಾ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಅಮ್ಲೊಡಿಪಿನ್ ಕೆಲವರಿಗೆ ಕಾಲು ಊದಿಸುತ್ತದೆ, ಎನಲಾಪ್ರಿಲ್ ಒಣಕೆಮ್ಮು ತರುತ್ತದೆ. ಅದನ್ನು ಹೇಳಿಕೊಂಡರೆ ಬೇರೆ ಔಷಧ ಬದಲಿಸಬಹುದು. ಹೇಳದೆ ಬಿಟ್ಟವರೇ ಹೆಚ್ಚು. ಅಟೆನೊಲಾಲ್‌ನಂಥ ಕೆಲವನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯ. ‘ಒಮ್ಮೆ ಶುರು ಮಾಡಿದರೆ ಸಾಯುವವರೆಗೆ ತಿನ್ನಬೇಕು’ ಎಂಬ ಹೆದರಿಕೆಯಿಂದ ಆರಂಭವನ್ನೇ ಮುಂದೂಡುವವರಿದ್ದಾರೆ. ಶುರು ಮಾಡದಿದ್ದರೂ ಕಾಯಿಲೆ ಕೊನೆಯವರೆಗೆ ಇದ್ದೇ ಇರುತ್ತದೆ ಎಂಬುದನ್ನು ಅವರು ಯೋಚಿಸುವುದಿಲ್ಲ. ಮೇಲಿನ ಅಂಕಿಯನ್ನು ಹತ್ತರಷ್ಟು ಇಳಿಸಿದರೆ ಲಕ್ವದ ಸಾಧ್ಯತೆ ಕಾಲುಭಾಗಕ್ಕೂ ಹೆಚ್ಚು ಕಡಿಮೆಯಾಗುತ್ತದೆ ಎಂಬುದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ತೀರ್ಮಾನ.

ಏನು ಮಾಡಬಹುದು?

ಮೊದಲನೆಯದು ಸರಿಯಾಗಿ ಅಳೆಯುವುದು. ಬಸ್ಸಿಳಿದು ಓಡಿ ಬಂದವರ ತೋಳಿಗೆ ಆ ಕ್ಷಣವೇ ಪಟ್ಟಿ ಸುತ್ತಿದರೆ ಸಿಗುವ ಅಂಕಿಗೆ ಅರ್ಥವಿಲ್ಲ. ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ, ನೆಲಕ್ಕೆ ಊರಿದ ಪಾದ, ಹೃದಯದ ಮಟ್ಟದಲ್ಲಿ ತೋಳು ಇರಬೇಕು. ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ, ಎಲೆಯಡಿಕೆ ಹೊಗೆಸೊಪ್ಪು ಬೇಡ. ಮೂತ್ರ ಕಟ್ಟಿಕೊಂಡಿರಬಾರದು, ಅಳೆಯುವಾಗ ಮಾತಾಡಬಾರದು. ಎರಡು ಬಾರಿ ಅಳೆದು ಸರಾಸರಿ ತೆಗೆಯಬೇಕು. ಬೆಂಗಳೂರಿನ ಮಕ್ಕಳು ತಂದುಕೊಟ್ಟ ಯಂತ್ರ ಬ್ಯಾಟರಿ ಮುಗಿದು ಬೀರುವಿನಲ್ಲಿ ಮಲಗಿರುವ ಮನೆಗಳು ನಮ್ಮಲ್ಲಿ ಬಹಳ. ಯಂತ್ರ ಕೊಡಿಸುವುದರ ಜೊತೆಗೆ, ವಾರಕ್ಕೊಮ್ಮೆ ‘ಅಪ್ಪಾ, ಎಷ್ಟಿತ್ತು?’ ಎಂದು ಕೇಳುವ ಫೋನ್ ಕರೆಯೂ ಚಿಕಿತ್ಸೆಯ ಭಾಗವೇ. ಗರ್ಭಿಣಿಯರ ಒತ್ತಡವನ್ನಂತೂ ಪ್ರತಿ ಭೇಟಿಯಲ್ಲಿಯೂ ಅಳೆಯಲೇಬೇಕು. ಅಲ್ಲಿ ಪಣಕ್ಕಿರುವುದು ಎರಡು ಜೀವ. ಬಿ.ಪಿ.ಗೆ ಸಾಮಾನ್ಯವಾಗಿ ಕೊಡುವ ಎನಲಾಪ್ರಿಲ್, ಟೆಲ್ಮಿಸಾರ್ಟನ್‌ಗಳು ಅವರಿಗೆ ಸಲ್ಲುವುದಿಲ್ಲ.

ಎರಡನೆಯದು ಮಾತ್ರೆಯ ದೂರವನ್ನು ತಗ್ಗಿಸುವುದು. ಕೇಂದ್ರ ಸರ್ಕಾರ, ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳು ಸೇರಿ 2017ರಲ್ಲಿ ಆರಂಭಿಸಿದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮ ತೋರಿಸಿಕೊಟ್ಟಿದ್ದು ಇದನ್ನೇ. ಎಲ್ಲೆಡೆ ಒಂದೇ ಸರಳ ಚಿಕಿತ್ಸಾ ಕ್ರಮ, ತಪ್ಪದ ಔಷಧ ಪೂರೈಕೆ, ದಾದಿಯರಿಗೂ ಜವಾಬ್ದಾರಿ, ಮನೆಗೆ ಹತ್ತಿರದ ಕೇಂದ್ರದಲ್ಲಿಯೇ ಮರುಪೂರಣ, ತಪ್ಪಿಸಿಕೊಂಡವರನ್ನು ಹುಡುಕಿ ಕರೆಯುವ ದಾಖಲೆ. ಇಷ್ಟರಿಂದಲೇ ಫಲ ಸಿಗುತ್ತದೆ ಎಂಬುದನ್ನು ಮನ್ನಿಸಿ 2022ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಪುರಸ್ಕಾರವೂ ಸಂದಿತು. ನಮ್ಮ ರಾಜ್ಯ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭಿಸಿ, 2025ರಲ್ಲಿ ಇತರ ಜಿಲ್ಲೆಗಳಿಗೆ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯ ಆಶಯ ಮನೆ ಬಾಗಿಲಿಗೇ ತಪಾಸಣೆ ಒಯ್ಯುವುದು. ಯೋಜನೆ ಒಳ್ಳೆಯದು. ಆದರೆ ಅದರ ಯಶಸ್ಸನ್ನು ಎಷ್ಟು ಮಂದಿಯನ್ನು ತಪಾಸಣೆ ಮಾಡಿದರೆಂಬ ಸಂಖ್ಯೆಯಿಂದ ಅಳೆಯಬಾರದು. ಕಳೆದ ವರ್ಷ ಪತ್ತೆಯಾದವರಲ್ಲಿ ಎಷ್ಟು ಮಂದಿ ಈ ತಿಂಗಳೂ ಮಾತ್ರೆ ಒಯ್ದರು, ಅವರಲ್ಲಿ ಎಷ್ಟು ಮಂದಿಯ ಒತ್ತಡ 140/90ರ ಕೆಳಗಿದೆ ಎಂಬುದೇ ನಿಜವಾದ ಅಳತೆಗೋಲು.

ಈ ಸೀಮೆಗೆ ವಿಶೇಷವಾಗಿ ಹೊಂದುವ ಸಲಹೆಯೊಂದಿದೆ. ಬೆಳೆಗಾರ ತಪ್ಪದೆ ಹೋಗುವ ಜಾಗಗಳು ಹಳ್ಳಿಯ ಹಾಲಿನ ಡೇರಿ, ವಾರದ ಸಂತೆ, ಕೊಬ್ಬರಿ ಮಾರುಕಟ್ಟೆಯ ಪ್ರಾಂಗಣ. ಧಾರಣೆ ಬಿದ್ದ ಕಾಲಕ್ಕೆ ಪ್ರಾಂಗಣ ತಪ್ಪಬಹುದು, ಹಸುವಿರುವ ಮನೆಗೆ ಡೇರಿ ತಪ್ಪುವುದಿಲ್ಲ. ತಿಂಗಳಿಗೊಂದು ದಿನ ಡೇರಿಯ ಬಾಗಿಲಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಮಾಪಕ ಮತ್ತು ಮಾತ್ರೆಗಳೊಂದಿಗೆ ಕುಳಿತರೆ ಸಾಕು. ಸಂತೆಯ ದಿನ, ಹರಾಜಿನ ದಿನವೂ ಹಾಗೆಯೇ. ಒತ್ತಡ ಹತೋಟಿಯಲ್ಲಿರುವವರಿಗೆ ಒಮ್ಮೆಗೆ ಮೂರು ತಿಂಗಳ ಮಾತ್ರೆ ಕೊಡುವ ವ್ಯವಸ್ಥೆಯಾದರೆ ಇನ್ನೂ ಒಳಿತು. ಹಾಲಿನ ಲೆಕ್ಕದ ಚೀಟಿಯಷ್ಟೇ ಸಣ್ಣದೊಂದು ಬಿ.ಪಿ. ಚೀಟಿ ಪ್ರತಿಯೊಬ್ಬರ ಜೇಬಿನಲ್ಲಿರಲಿ.

ಓದುಗರಲ್ಲಿ ಅನೇಕರು ನಗರಗಳಲ್ಲಿದ್ದು, ಊರಿನಲ್ಲಿ ತಂದೆತಾಯಿಯರನ್ನು ಬಿಟ್ಟು ಬಂದವರಿರಬಹುದು. ಹಬ್ಬಕ್ಕೆ ಊರಿಗೆ ಹೋದಾಗ ಅವರ ಮಾತ್ರೆಯ ಹಾಳೆಯನ್ನು ಒಮ್ಮೆ ಕೈಗೆತ್ತಿಕೊಂಡು, ಕೊಂಡ ದಿನ ಕೇಳಿ, ಉಳಿದ ಮಾತ್ರೆಗಳನ್ನು ಎಣಿಸಿ ನೋಡಿ. ಇರಬೇಕಾದ್ದಕ್ಕಿಂತ ಹೆಚ್ಚು ಉಳಿದಿದ್ದರೆ ಗದರಬೇಡಿ. ಏಕೆ ನಿಂತಿತೆಂದು ಕೇಳಿ. ಕಾಲು ಊದಿತ್ತೋ, ಬಸ್ಸು ತಪ್ಪಿತೋ, ದುಡ್ಡಿರಲಿಲ್ಲವೋ, ಚೆನ್ನಾಗಿದ್ದೇನೆಂದು ಅನಿಸಿತೋ? ಕಾರಣ ತಿಳಿದರೆ ಪರಿಹಾರ ಕಷ್ಟವಲ್ಲ. ಒಂದು ಉಂಡೆ ಕೊಬ್ಬರಿಗಾಗಿ ಹತ್ತು ತಿಂಗಳು ಕಾಯುವ ತಾಳ್ಮೆಯುಳ್ಳ ಜನ ನಮ್ಮವರು. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗುವುದು ಅವರಿಂದ ಆಗದ ಕೆಲಸವೇನಲ್ಲ; ಅದನ್ನು ಅವರ ಕೈಗೆಟುಕುವಂತೆ ಮಾಡುವ ಕೆಲಸ ಮಾತ್ರ ನಮ್ಮದು.